ಉಪ್ಪಿನಕಾಯಿಯ ಪರವಾಗಿ ಡಾಪ್ಲರ್

ನಮ್ಮಜ್ಜಿಯ ಬಿಪಿಯನ್ನು ದಿನಾ ಬೆಳಿಗ್ಗೆ ಅಳೆದು, ತಾರೀಖು ಹಾಕಿ ಬರೆದಿಡುವುದು ನನ್ನ ಕೆಲಸ. ಮೂರು ಬಗೆಯ ಮಾತ್ರೆ ನುಂಗಿದರೂ ಅದು ಇಳಿಯದಿದ್ದಾಗ ಕೊಟ್ಟೂರಿನ ಡಾಕ್ಟರು ಎರಡು ಮಾತು ಹೇಳಿದರು. ಒಂದು, ಉಪ್ಪಿನಕಾಯಿ ಬಿಡಬೇಕು. ಇನ್ನೊಂದು, ಕಿಡ್ನಿಗೆ ರಕ್ತ ಒಯ್ಯುವ ನಾಳ ಕಿರಿದಾಗಿದ್ದರೂ ಬಿಪಿ ಏರುತ್ತದೆ, ಹರಪನಹಳ್ಳಿಗೆ ಹೋಗಿ ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ಅಜ್ಜಿಗೆ ಎರಡನೆಯ ಮಾತು ಬಹಳ ಹಿಡಿಸಿತು. ನಾಳದ್ದೇ ತಪ್ಪಾದರೆ ಉಪ್ಪಿನಕಾಯಿ ನಿರಪರಾಧಿ! ರಿಪೋರ್ಟ್ ಬರುವವರೆಗೆ ಮಾವಿನಕಾಯಿಯ ಭರಣಿಯನ್ನು ಪಕ್ಕದ ಮನೆಯ ಚಾಚಿಯ ವಶಕ್ಕೆ ಕೊಟ್ಟೆವು.

ಸೋಮವಾರ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದೆವು. “ನಂದು ಕಿಡ್ನಿ ನಾಳ ಸಣ್ಣದಾಗೇತ್ರಿ,” ಎಂದು ಅಜ್ಜಿ ಅಕ್ಕಪಕ್ಕದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡಳು.

ಸ್ಕ್ಯಾನಿಂಗ್ ಡಾಕ್ಟರು ಅವಳ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದರು. ಪರದೆಯ ಮೇಲೆ ಕೆಂಪು, ನೀಲಿ ಬಣ್ಣ ಮಿನುಗಿದವು. ಯಂತ್ರದಿಂದ, ಕಾದ ಹಂಚಿಗೆ ನೀರು ಚಿಮುಕಿಸಿದಂತೆ ಚುಂಯ್, ಚುಂಯ್ ಎಂಬ ಸಪ್ಪಳ.

“ಏನ್ರೀ ಅದು?”

“ನಿಮ್ಮ ರಕ್ತ ಹರಿಯೋ ಸಪ್ಪಳ ಅಜ್ಜಿ. ಮಾತಾಡಬ್ಯಾಡ್ರಿ, ಉಸಿರು ಹಿಡೀರಿ... ಹಾಂ, ಬಲಗಡೆ ಚಲೋ ಐತಿ.”

ಅಜ್ಜಿಯ ಮುಖ ಬಾಡಿತು. “ಎಡಗಡೆ ನೋಡ್ರಿ. ನಾ ಎಡಮಗ್ಗಲಾಗೇ ಮಲಗಾಕಿ. ಒತ್ತಿರತೈತಿ.”

“ಅದೂ ಚಲೋ ಐತಿ. ಎಲ್ಲೂ ಸಣ್ಣದಾಗಿಲ್ಲ.”

“ಒಂಚೂರೂ ಇಲ್ಲೇನ್ರೀ? ಇನ್ನೊಮ್ಮೆ ನೋಡ್ರಿ, ಖಾಲಿ ಹೊಟ್ಟ್ಯಾಗ ಬಂದೀನಿ!”

ಡಾಕ್ಟರು ಗಾಬರಿಯಿಂದ ನನ್ನ ಕಡೆ ನೋಡಿದರು.

“ಉಪ್ಪಿನಕಾಯಿ ಕೇಸು ಸರ್,” ಎಂದೆ.

ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿ ರಿಪೋರ್ಟನ್ನು ಮಡಚಿ ಚೀಲದ ತಳಕ್ಕೆ ತುರುಕಿದಳು. ಮಂಡಕ್ಕಿ ತಂದುಕೊಟ್ಟೆ. ಪೊಟ್ಟಣ ಅರ್ಧ ಮುಗಿದಾಗ ಒಮ್ಮೆಲೇ ಅವಳ ಕಣ್ಣರಳಿದವು.

“ಲೇ ಹುಡುಗಿ, ದಿನಾ ತೋಳಿಗೆ ಪಟ್ಟಿ ಕಟ್ಟಿ ಪೊಲೀಸರಂಗ ಎದುರಿಗೆ ಕುಂದರತಿಯಲ್ಲ, ಬಿಪಿ ಅದಕ್ಕ ಏರತೈತಿ! ಭರಣಿ ಮನಿಗೆ ಬರಲಿ, ನೀ ಚಾಚಿ ಮನ್ಯಾಗ ಇರು.”

ಊರಿಗೆ ಬಂದವಳೇ, ಚಪ್ಪಲಿ ಕೂಡ ಬಿಡದೆ ಚಾಚಿಯ ಬಾಗಿಲಲ್ಲಿ ನಿಂತು ಭರಣಿ ಕೇಳಿದಳು. ಚಾಚಿ ಸೆರಗಿನ ತುದಿ ತಿರುವುತ್ತಾ ನಿಂತರು.

“ಹುಡುಗಿ ಬೇಕಾರ ಇರಲಿ ಅಮ್ಮಾ. ಆದ್ರ ಭರಣಿ... ನಮ್ಮ ಹುಡುಗ್ರು ನಿನ್ನೇನ ಮುಗಿಸ್ಯಾರ. ಭಾಳ ಚಲೋ ಹಾಕಿದ್ರಿ!”

ಮರುದಿನ ಬೆಳಿಗ್ಗೆ ಅಜ್ಜಿಯ ಬಿಪಿ ನೋಡಲು ನನಗೆ ಧೈರ್ಯ ಬರಲಿಲ್ಲ. ಆ ತಾರೀಖಿನ ಮುಂದೆ ಇಂದಿಗೂ ಏನೂ ಬರೆದಿಲ್ಲ.