ಕಸ ಹೊಡೆಯದ ಪ್ರೋಗ್ರಾಂ

ಈ ಬರದ ವರ್ಷ ನನ್ನ ಮನೆಯ ಮೊಳೆಯಲ್ಲಿ ಮೂರು ಬೇರೆ ಮನೆಗಳ ಕೀಲಿಕೈ ನೇತಾಡುತ್ತಿವೆ. ದುಡಿಯಲು ಹೈದರಾಬಾದಿಗೆ ಹೊರಟವರು ಪಕ್ಕದವರಿಗೆ ಕೀಲಿ ಕೊಟ್ಟೇ ಬಸ್ ಹತ್ತುವುದು ಭಾಲ್ಕಿಯ ನಮ್ಮ ಓಣಿಯ ರೂಢಿ. ಕೊನೆಯದು ಗಂಗಕ್ಕನದು.

“ಕಸಾ ಹೊಡದಿಲ್ರಿ, ಮುಸುರಿ ಭಾಂಡಿ ಎಲ್ಲಾ ಹಾಂಗೇ ಬಿದ್ದಾವ. ಒಮ್ಮೊಮ್ಮಿ ಬಾಗಲಾ ತೆಗದು ನೋಡ್ರಿ ಸರ,” ಎಂದಳು.

“ಹಾಂಗೇ ಬಿಟ್ಟು ಹೊಂಟೀರಿ, ನಾಚಿಕಿ ಆಗಂಗಿಲ್ಲೇನ್ರಿ ಅಕ್ಕಾ?” ಎಂದು ಚೇಷ್ಟೆ ಮಾಡಿದೆ.

“ನಾ ಚೊಕ್ಕ ಮಾಡೂತನಕ ಬಸ್ ನಿಲ್ತದೇನ್ರಿ?”

ಆ ಮಾತು ನನಗೆ ಚುಚ್ಚಿತು. ಯಾಕೆ ಅಂತೀರಾ?

ನಾನು ಫಿಸಿಕ್ಸ್ ಮಾಸ್ತರ, ಮೇಲೆ ನಕ್ಷತ್ರದ ಹುಚ್ಚು (ಓಣಿಗೆ ಹೊಸದೇನಲ್ಲ). ನನ್ನದೊಂದು ನಕ್ಷತ್ರವಿದೆ. ಎರಡು ಮೂರು ದಿನಕ್ಕೊಮ್ಮೆ ಮಂಕಾಗುತ್ತದೆ, ನಿಧಾನಕ್ಕೆ ಮತ್ತೆ ಬೆಳಗುತ್ತದೆ, ದೂರದಲ್ಲಿ ಯಾರೋ ಕಣ್ಣು ಮುಚ್ಚಿ ತೆರೆದ ಹಾಗೆ. ಈ ವರ್ಷ ಮೋಡವಿಲ್ಲದ ಆಕಾಶ ತೊಳೆದಿಟ್ಟಂತಿದೆ. (ಓಣಿ ಖಾಲಿಯಾಗುತ್ತಿರುವಾಗ ನಾನು ಒಳಗೊಳಗೇ ಖುಷಿಪಟ್ಟೆ. ತಪ್ಪಾಯಿತು.) ನಕ್ಷತ್ರ ಮಂಕಾಗುವ ಹೊತ್ತು ತಿಳಿಯಲು ಹಿಂದೆಯೇ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಂಡಿದ್ದೆ. ಆ ಬಗ್ಗೆ ನನ್ನ ಪ್ರಬಂಧವೂ ಅಚ್ಚಾಗಿತ್ತು.

ನನ್ನ ಹಳೆಯ ವಿದ್ಯಾರ್ಥಿನಿ ಸಂಗೀತಾ ಈಗ ಔರಾದಿನಲ್ಲಿ ಲೆಕ್ಚರರ್. ಪಿಎಚ್.ಡಿ.ಗಾಗಿ ಅವಳೂ ಅದೇ ನಕ್ಷತ್ರ ನೋಡುತ್ತಿದ್ದಳು. ಅವಳ ಹೊತ್ತಿಗೂ ನನ್ನ ಹೊತ್ತಿಗೂ ಒಮ್ಮೆ ಎಂಟು ನಿಮಿಷ ಫರಕು, ಒಮ್ಮೆ ಹತ್ತು. ಅಚ್ಚಾದದ್ದು ನನ್ನದಲ್ಲವೇ? ಹಾಗಾಗಿ ತಪ್ಪು ಅವಳದೇ ಎಂದರು ಬೀದರಿನ ಅವಳ ಗೈಡ್. ಮೂರು ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು.

“ಸರ್, ನಿಮ್ಮ ಪ್ರೋಗ್ರಾಂ ಕಳಸ್ತೀರೇನ್ರಿ? ನನ್ನ ತಪ್ಪು ಎಲ್ಲದ ನೋಡ್ತೇನಿ,” ಎಂದು ಫೋನ್ ಮಾಡಿದ್ದಳು.

“ಸ್ವಲ್ಪ ಚೊಕ್ಕ ಮಾಡಿ ಕಳಸ್ತೇನಿ,” ಎಂದಿದ್ದೆ. ಅದಾಗಿ ಆರು ತಿಂಗಳು. (ನಕ್ಷತ್ರ ನೋಡುವವರ ದೊಡ್ಡ ರೋಗವಿದು. ಪ್ರಬಂಧ ಊರಿಗೆಲ್ಲ ಹಂಚುತ್ತೇವೆ, ಪ್ರೋಗ್ರಾಂ ಮಾತ್ರ ಟ್ರಂಕಿನೊಳಗೆ.) ಅವಳ ಥೀಸಿಸ್ ಸಲ್ಲಿಸಲು ಉಳಿದದ್ದು ಹದಿನೈದೇ ದಿನ.

ಗಂಗಕ್ಕನ ಬಸ್ ಹೋದ ಮೇಲೆ ಕಂಪ್ಯೂಟರ್ ತೆರೆದೆ. ‘ಕಸ ಹೊಡೆದಿಲ್ಲ’ ಎಂದೊಂದು ಸಾಲು ಬರೆದು, ಪ್ರೋಗ್ರಾಂ ಹಾಗೇ ಸಂಗೀತಾಳಿಗೆ ಕಳಿಸಿಬಿಟ್ಟೆ.

ನಾಲ್ಕನೇ ದಿನ ಫೋನ್. “ಸರ್, ಕಸದಾಗ ಒಂದು ಸಿಕ್ಕದ್ರಿ,” ಎಂದಳು, ಮೆಲ್ಲಗೆ.

ಭೂಮಿ ಸೂರ್ಯನನ್ನು ಸುತ್ತುತ್ತಾ ನಕ್ಷತ್ರದ ಹತ್ತಿರ ಸರಿದಾಗ ಅದರ ಬೆಳಕು ನಮಗೆ ಕೆಲವು ನಿಮಿಷ ಬೇಗ ಮುಟ್ಟುತ್ತದೆ, ದೂರ ಸರಿದಾಗ ತಡವಾಗಿ. ಆ ನಿಮಿಷಗಳನ್ನು ಕೂಡಬೇಕಾದಲ್ಲಿ ನಾನು ಕಳೆದಿದ್ದೆ, ಕಳೆಯಬೇಕಾದಲ್ಲಿ ಕೂಡಿದ್ದೆ. ಅವಳ ಲೆಕ್ಕವೇ ಸರಿಯಿತ್ತು.

ನನ್ನ ಮುಖ ಸಣ್ಣದಾಯಿತು. ಪ್ರಬಂಧಕ್ಕೆ ತಿದ್ದುಪಡಿ ಬರೆದು ಕಳಿಸಿದೆ, ಅವಳ ಹೆಸರು ಸಮೇತ. ಗೈಡ್ ಥೀಸಿಸ್‌ಗೆ ಸಹಿ ಹಾಕಿದರು. ಈಗ ಭಾಲ್ಕಿಯಲ್ಲೂ ಔರಾದಿನಲ್ಲೂ ಆ ನಕ್ಷತ್ರ ಒಂದೇ ಹೊತ್ತಿಗೆ ಕಣ್ಣು ಮುಚ್ಚುತ್ತದೆ.

ಗಂಗಕ್ಕನ ಕೀಲಿಕೈ ಕಂಡಾಗಲೆಲ್ಲ ಕೇಳಿಕೊಳ್ಳುತ್ತೇನೆ: ಆ ಆರು ತಿಂಗಳು ನಾನು ಚೊಕ್ಕ ಮಾಡುತ್ತಿದ್ದೆನೋ, ಬಚ್ಚಿಡುತ್ತಿದ್ದೆನೋ?