ಜಾಗ ಮುಗಿದಲ್ಲಿ ಬಿಟ್ಟ ಹೆಸರು

ಪಾಂಡವಪುರದ ಪುಟ್ಟರಾಜು ತನ್ನ ಹೆಸರನ್ನು ಬಿಟ್ಟು ಬೇರೇನನ್ನೂ ಪ್ರೀತಿಸದ ಮನುಷ್ಯ. ಬಸ್ ಸ್ಟ್ಯಾಂಡಿನ ಹಿಂದಿರುವ ಅವನ ಕಂಪ್ಯೂಟರ್ ಅಂಗಡಿಯ ಬೋರ್ಡಿನಲ್ಲಿ, ಗೋಡೆಯಲ್ಲಿ, ಕುರ್ಚಿಯ ಬೆನ್ನಿನಲ್ಲೂ ಅದೇ ಹೆಸರು. ತಿಥಿ ಕಾರ್ಡು ಮಾಡಲು ಅವನೇ ಒಂದು ಪ್ರೋಗ್ರಾಂ ಬರೆದುಕೊಂಡಿದ್ದಾನೆ. ತೀರಿಕೊಂಡವರ ಫೋಟೊ, ದಿನಾಂಕ, ಮನೆಯವರ ಹೆಸರು ತುಂಬಿದರೆ ಒಂದೇ ಪುಟದ ಪಿಡಿಎಫ್ ಬರುತ್ತದೆ; ಜನ ಅದನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಕಳಿಸುತ್ತಾರೆ. ಪುಟದ ಅಡಿಯಲ್ಲಿ ದಪ್ಪಕ್ಷರದಲ್ಲಿ ಅವನ ಅಂಗಡಿಯ ಹೆಸರು, ಫೋನ್ ನಂಬರು.

ಕಳೆದ ತಿಂಗಳು ನಮ್ಮ ಪಕ್ಕದ ಮನೆಯ ಜಯಲಕ್ಷ್ಮಮ್ಮನ ತಂದೆ ತೀರಿಕೊಂಡರು. ಕೊನೆಯ ನಾಲ್ಕು ವರ್ಷ ಅವರನ್ನು ತನ್ನ ಮನೆಯಲ್ಲಿಟ್ಟುಕೊಂಡು, ಮುದ್ದೆ ಮುರಿದು ಬಾಯಿಗಿಟ್ಟವಳು ಈಕೆ. ಪುಟ್ಟರಾಜು ಮಾಡಿದ ಕಾರ್ಡು ವಾಟ್ಸಾಪಿನಲ್ಲಿ ಬಂತು. ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರೂ ಇದ್ದರು. ಹೆಣ್ಣುಮಕ್ಕಳನ್ನು ಕೊನೆಗೆ ಹಾಕುವ ದರಿದ್ರ ಪದ್ಧತಿ ನಮ್ಮದು. ಅವರಲ್ಲೂ ಕೊನೆಯವಳಾದ ಈಕೆಯ ಹೆಸರೇ ಇರಲಿಲ್ಲ. ತವರೂರು ಮಾಕವಳ್ಳಿಯಲ್ಲಿ, "ಅಣ್ಣಂದ್ರು ಅವಳನ್ನ ಕೈಬುಟ್ಟವ್ರೆ" ಎಂದು ಸುದ್ದಿಯಾಯಿತು. ತಿಥಿಗೆ ಎರಡೇ ದಿನ. "ನಾನು ಹೋಗಾಕಿಲ್ಲ" ಎಂದು ಕೂತಳು. ಎಬ್ಬಿಸಿ ಅಂಗಡಿಗೆ ಕರೆದೊಯ್ದೆ.

"ಹೆಸ್ರು ಕೊಟ್ಟಿದ್ರು ಕಣಕ್ಕ," ಎಂದ ಪುಟ್ಟರಾಜು, ಮುಖವೆತ್ತದೆ. "ಜಾಗ ಸಾಕಾಗ್ನಿಲ್ಲ. ಜಾಗ ಮುಗುದ್ರೆ ಮಿಕ್ಕ ಹೆಸ್ರು ಬುಟ್ಬುಡು ಅಂತ ಕೋಡಲ್ಲಿ ಬರ್ದಿವ್ನಿ."

"ಯಾಕೆ?" ಎಂದೆ.

"ಇಲ್ಲಾಂದ್ರೆ ಅಂಗಡಿ ಹೆಸ್ರಿನ ಮೇಲೆ ಹತ್ಕತವೆ ಮೇಡಂ."

ಮೈ ಉರಿಯಿತು. "ಸತ್ತವರ ಮಗಳನ್ನು ಅಳಿಸಿ ನಿನ್ನ ಫೋನ್ ನಂಬರು ಉಳಿಸಿಕೊಂಡೆಯಾ?"

"ಅಳಿಸ್ನಿಲ್ಲ, ಬುಟ್ಟೆ ಅಷ್ಟೆ."

"ನಾಚಿಕೆಯಾಗಬೇಕು ನಿನಗೆ. ಅಕ್ಷರ ಸಣ್ಣದು ಮಾಡು."

"ವಯಸ್ಸಾದೋರು ಫೋನಲ್ಲಿ ಎಂಗೆ ಓದ್ತಾರೆ?"

"ಎರಡನೇ ಪುಟ ಹಾಕು."

"ಯಾರೂ ತೆಗೆದು ನೋಡಾಕಿಲ್ಲ."

ಎಲ್ಲಕ್ಕೂ ಉತ್ತರವಿತ್ತು ಆ ಬಾಯಲ್ಲಿ. ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

ಜಯಲಕ್ಷ್ಮಮ್ಮ ಕೇಳಿದಳು: "ಅಣ್ಣಂದ್ರು ನನ್ನ ಹೆಸ್ರು ಕೊಟ್ಟಿದ್ದು ದಿಟ ತಾನೇನಪ್ಪ?"

"ದಿಟ ಕಣಕ್ಕ. ಅವ್ರು ಬರ್ಕೊಟ್ಟ ಚೀಟಿ ಇಲ್ಲೇ ಅದೆ."

"ಅಂಗಾದ್ರೆ ಹೋಯ್ತೀನಿ. ಊರೋರ ಬಾಯಿಗೆ ಏನ್ ಮಾಡ್ಲಿ?"

ಪುಟ್ಟರಾಜು ಕಂಪ್ಯೂಟರಿನಲ್ಲಿ ತನ್ನ ಪ್ರೋಗ್ರಾಂ ತೆರೆದ. ಹೆಸರು ಬಿಡುವ ಸಾಲನ್ನು ಅಳಿಸಿದ. ಅದರ ಕೆಳಗೆ ಅಂಗಡಿಯ ಹೆಸರಿನ ಸಾಲಿತ್ತು. ಅದನ್ನೂ ಅಳಿಸಿದ. ಕಾರ್ಡನ್ನು ಹೊಸದಾಗಿ ತೆಗೆದು ಪರದೆಯನ್ನು ಅವಳ ಕಡೆ ತಿರುಗಿಸಿದ.

"ಸರಿಯಾಗಿ ಅದಾ ನೋಡ್ಕಳಕ್ಕ. ನಾನೇ ನಿಮ್ಮೂರಿಗೆಲ್ಲ ಕಳಿಸ್ತೀನಿ."