ಜಗ್ಗಣ್ಣನ ಉಯಿಲು
ಬೀಗ ಮಾರುವವನಿಗೆ ಬೀಗದ ಮೇಲೆ ನಂಬಿಕೆ ಕಡಿಮೆ. ನಮ್ಮ ಪಕ್ಕದಂಗಡಿಯ ಮುದುಕ ಬಾಗಿಲು ಹಾಕಿ, ಬೀಗ ಜಗ್ಗಿ, ತಿರುವಿನವರೆಗೆ ಹೋಗಿ, ಮತ್ತೆ ಬಂದು ಜಗ್ಗುತ್ತಾನೆ, ಹಾಗಾಗಿ ಇಡೀ ಬೀದಿಗೆ ಅವನು ಜಗ್ಗಣ್ಣ. ಈಗ ಅವನ ಚಿಂತೆಯೆಲ್ಲ ಉಯಿಲಿನದು. ಮಗಳು ಓದಿದ ಕಿವುಡ ಮಕ್ಕಳ ಶಾಲೆಗೆ, ಅವಳ ಹೆಸರಿನಲ್ಲೇ, ತನ್ನ ಮನೆ ಬರೆದಿಡಬೇಕು; ರುಜು ಹಾಕುವ ಮೊದಲೇ ಕಣ್ಣು ಮುಚ್ಚಿದರೆ ಅದು ಅಣ್ಣನ ಮಗನ ಪಾಲು. ಡಾಕ್ಟರು ಅವನ ಎದೆಬಡಿತ ಕೇಳಿ ಮುಖ ಸಪ್ಪಗೆ ಮಾಡಿದಾಗಿನಿಂದ ವಕೀಲರ ಮೆಟ್ಟಿಲು ಸವೆಸುತ್ತಿದ್ದಾನೆ, ಆದರೆ ಪೆನ್ನು ಹಿಡಿದೊಡನೆ ಏನಾದರೊಂದು ತಕರಾರು: ಶಾಯಿ ತೆಳು, ಸಾಲು ಸೊಟ್ಟ, ಮಳೆಗೆ ಉಬ್ಬುವ ಹಿತ್ತಿಲ ಬಾಗಿಲನ್ನು ಶಾಲೆಯವರು ನೋಡಿಕೊಳ್ಳುತ್ತಾರೋ ಇಲ್ಲವೋ. "ಕೊಡೋ ಮನಸ್ಸಿಲ್ಲ ಅಂದ್ರೆ ಹೇಳಿಬಿಡಿ ಯಜಮಾನ್ರೇ," ಎಂದು ವಕೀಲರೂ ಛೇಡಿಸಿದ್ದಾಯಿತು. ನಿನ್ನೆ ಸಾಕ್ಷಿಗೆಂದು ನಾನೂ ಹೋದೆ. 'ನಾನು ಸತ್ತ ಮೇಲೆ' ಎಂದು ವಕೀಲರು ಓದಿದಾಗ ಜಗ್ಗಣ್ಣ ನಕ್ಕು ತಲೆಯಾಡಿಸಿದ. ಮಗಳ ಹೆಸರು ಬಂದಾಗ ಮಾತ್ರ ಅವನ ಬೆರಳು ಮುಂದೆ ಹೋಗಿ, ಹೆಸರಿಗೆ ಮೊದಲಿದ್ದ 'ದಿ.' ಎಂಬ ಒಂಟಿ ಅಕ್ಷರವನ್ನು ಮುಚ್ಚಿತು. "ನನ್ನ ಸಾವು ಎಷ್ಟು ಸಲ ಬೇಕಾದ್ರೂ ಬರ್ಕೊಳ್ಳಿ ಸ್ವಾಮಿ," ಎಂದ, "ಅವಳಿಗೆ ಇದೊಂದು ಬೇಡ." ವಕೀಲರು ಆ ಹಾಳೆಯನ್ನು ಹೊಸದಾಗಿ ಟೈಪು ಮಾಡಿಸಿದರು. ಜಗ್ಗಣ್ಣ ಒಂದೇ ಎಳೆತಕ್ಕೆ ರುಜು ಹಾಕಿದ. ಕಾಗದ ಬೀರುವಿನೊಳಗೆ ಹೋದ ಮೇಲೆ ಎದ್ದು, ಅದರ ಬೀಗವನ್ನು ಒಮ್ಮೆ ಜಗ್ಗಿ ನೋಡಿದ.